ಮಕ್ಕಳಿಗೆ ಓದೋದು, ಬರೆಯೋದು ಇಷ್ಟ ಆಗ್ಬೇಕಂದ್ರೆ ಮನೆಯವರು ಏನ್ ಮಾಡ್ಬೇಕು?

ಓದು ಓದು ಅಂತ ಬೆನ್ನು ಬಿದ್ರೆ ಆಗಲ್ಲ, ಮೊದ್ಲು ದೊಡ್ಡವರ ಕೈಲಿ ಮೊಬೈಲ್ ಬದ್ಲು ಪುಸ್ತಕ ಕಾಣ್ಬೇಕು. ಮಲಗೋ ಮುಂಚೆ ಹತ್ತು ನಿಮಿಷ ಜೋರಾಗಿ ಓದಿ ಹೇಳಿ, ಅಕ್ಷರ ಕಲಿಯೋ ಮುಂಚೇನೇ ಶುರು ಮಾಡಿ, ತಾನೇ ಓದೋಕೆ ಬಂದ್ಮೇಲೂ ನಿಲ್ಲಿಸ್ಬೇಡಿ, ಯಾಕಂದ್ರೆ ಸುಮಾರು ವರ್ಷ ಮಕ್ಕಳಿಗೆ ಓದಿ ಅರ್ಥ ಆಗೋದಕ್ಕಿಂತ ಕೇಳಿ ಅರ್ಥ ಆಗೋದೇ ಜಾಸ್ತಿ. ಅದೇ ಕಥೆ ಮತ್ತೆ ಮತ್ತೆ ಕೇಳಿದ್ರೂ (ನಮಗೆ ತಲೆಚಿಟ್ಟು ಹಿಡಿಯುತ್ತೆ, ಇರ್ಲಿ) ಓದಿ, ಗೊತ್ತಿರೋ ಸಾಲಿನ ಕೊನೇ ಪದ ಬಿಟ್ಟು ಸುಮ್ನಾಗಿ, ಮಗುನೇ ಕೂಗಿ ಹೇಳುತ್ತೆ. ಕಾಮಿಕ್ಸೂ ಓದೇ ಕಣ್ರೀ. ಬರೆಯೋಕೆ ಕಾಪಿ ರೈಟಿಂಗ್ ಬೇಡ, ಸಾಮಾನಿನ ಚೀಟಿ, ಅಜ್ಜಿಗೆ ಪತ್ರ, ಅಪ್ಪನ ಮೇಲೆ ಕಂಪ್ಲೇಂಟು ಬರೆಸಿ. ಕಾಗುಣಿತ ತಪ್ಪಿದ್ರೂ ಕೆಂಪು ಪೆನ್ ಎತ್ಕೋಬೇಡಿ, ಮೊದ್ಲು ಅದಕ್ಕೆ ಉತ್ತರ ಬರೀರಿ.