ಉರಿಯ ಲೆಕ್ಕ: ಮೇಪಲ್ ರಸಕ್ಕೆ ಯಾವ ಒಲೆ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ದಾವಣಗೆರೆ ವಿದ್ಯಾನಗರದವರು. ಮಗಳು, ಅಳಿಯ ಅಮೆರಿಕದ ವರ್ಮಾಂಟ್‌ನಲ್ಲಿದ್ದಾರೆ. ಹಿತ್ತಲಲ್ಲಿ ನಾಲ್ಕು ದೊಡ್ಡ ಮೇಪಲ್ ಮರಗಳಿವೆ. ಹೋದ ವರ್ಷ ಕಾಂಡಕ್ಕೆ ತೂತು ಕೊರೆದು, ಬಂದ ರಸವನ್ನು ಅಡುಗೆಮನೆ ಗ್ಯಾಸ್ ಮೇಲೆ ಎರಡು ದಿನ ಕಾಯಿಸಿದರಂತೆ. ಛಾವಣಿಯಿಂದ ನೀರು ತೊಟ್ಟಿಕ್ಕಿ ಗೋಡೆಯ ಬಣ್ಣವೇ ಎದ್ದು ಬಂತು. ಸಿಕ್ಕಿದ್ದು ಎರಡು ಸಣ್ಣ ಬಾಟಲಿ ಪಾಕ. ಈ ಫೆಬ್ರವರಿಗೆ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಹೊರಗಿಡುವ ದೊಡ್ಡ ಗ್ಯಾಸ್ ಒಲೆ ತರೋಣ ಅಂತ ಅಳಿಯ, ಇಂಡಕ್ಷನ್ ಸಾಕು ಅಂತ ಮಗಳು. ಸೌದೆ ಒಲೆ ಹೂಡೋಣ ಅಂತ ನಮ್ಮ ಯಜಮಾನರ ಹಟ. ಯಾರ ಮಾತು ಕೇಳಬೇಕು? ನೀವು ಆಲೆಮನೆಯಲ್ಲಿ ಬೆಳೆದವರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ಯಜಮಾನರ ಮಾತು ಕೇಳಿ. ಆದರೆ ಕೊನೆಯ ಒಂದು ಗಂಟೆ ಮಾತ್ರ ಮಗಳ ಮಾತು ಕೇಳಿ. ಯಾಕೆ ಅಂತ ಹೇಳುತ್ತೇನೆ.

ಭದ್ರಾ ನಾಲೆ ಬದಿಯ ನಮ್ಮೂರಲ್ಲಿ ಅಪ್ಪ ಆಲೆಮನೆ ನಡೆಸುತ್ತಿದ್ದರು. ಅಲ್ಲಿ 40 ಲೀಟರ್ ಕಬ್ಬಿನ ಹಾಲು ಕಾಯಿಸಿದರೆ ಆರೇಳು ಕೆಜಿ ಬೆಲ್ಲ ಬರುತ್ತಿತ್ತು. ಮೇಪಲ್ ರಸ ಹಾಗಲ್ಲ. ಬಾಯಿಗಿಟ್ಟರೆ ನೀರೇ, ಸಿಹಿ ಇದೆಯೋ ಇಲ್ಲವೋ ಅನ್ನುವಷ್ಟು. ಅದರಲ್ಲಿ ಸಕ್ಕರೆ ನೂರಕ್ಕೆ 2ರಷ್ಟು. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು. ಉಳಿದ 39 ಲೀಟರ್ ಆವಿಯಾಗಿ ಹೋಗಬೇಕು. ನಿಮ್ಮ ಮಗಳ ಅಡುಗೆಮನೆ ಛಾವಣಿಯಿಂದ ತೊಟ್ಟಿಕ್ಕಿದ್ದು ಅದೇ ನೀರು. ಹಾಗಾಗಿ ಮೊದಲ ಮಾತು, ಯಾವ ಒಲೆಯಾದರೂ ಸರಿ, ಹೊರಗೆ ಇಡಿ. ಗ್ಯಾಸ್ ಆಗಲಿ, ಸೌದೆಯಾಗಲಿ, ಚಳಿ ಅಂತ ಕಾರು ನಿಲ್ಲಿಸುವ ಕೋಣೆಯೊಳಗೆ ಉರಿ ಹಾಕಲೇಬೇಡಿ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಗೊತ್ತಾಗುವುದಿಲ್ಲ, ಪ್ರಾಣಕ್ಕೇ ಅಪಾಯ.

ಈಗ ಲೆಕ್ಕಕ್ಕೆ ಬರೋಣ. 39 ಲೀಟರ್ ನೀರನ್ನು ಆವಿ ಮಾಡಲು, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ಹತ್ತಿರ ಹತ್ತಿರ 30 ಯೂನಿಟ್ ಕರೆಂಟ್ ಬೇಕು. ಅಲ್ಲಿನ ಸಾಮಾನ್ಯ ಪ್ಲಗ್ಗಿಗೆ ಹಾಕುವ ಇಂಡಕ್ಷನ್ ಒಲೆ 1800 ವ್ಯಾಟ್ ದಾಟುವುದಿಲ್ಲ. ಒಂದು ಲೀಟರ್ ಪಾಕಕ್ಕೆ 20 ಗಂಟೆ ಹತ್ತಿರ ಕೂರಬೇಕಾಗುತ್ತದೆ. ಗ್ಯಾಸ್ ಆದರೆ ಬೇಗ ಆಗುತ್ತದೆ, ಅಳಿಯಂದಿರು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಬಯಲಲ್ಲಿ, ಗಾಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. ಲೀಟರ್ ಪಾಕಕ್ಕೆ 5 ಕೆಜಿ ಗ್ಯಾಸ್ ಅಂತ ಇಟ್ಟುಕೊಳ್ಳಿ. ನಮ್ಮ 14.2 ಕೆಜಿ ಸಿಲಿಂಡರ್ ಇದ್ದಿದ್ದರೂ ಮೂರು ಲೀಟರ್ ಆಗುವುದರೊಳಗೆ ಖಾಲಿ.

ನಿಮ್ಮದು ನಾಲ್ಕು ಮರ. ಮರಕ್ಕೊಂದು ತೂತು ಅಂದರೂ, ಒಂದೊಂದರಿಂದ ಒಂದು ಹಂಗಾಮಿಗೆ 40 ಲೀಟರ್ ಹತ್ತಿರ ರಸ ಇಳಿಯಬಹುದು. ಅಂದರೆ ನಾಲ್ಕು ಲೀಟರ್ ಪಾಕ. ಇದಕ್ಕೆ ಸೌದೆಯೇ ಸರಿ. ಅಲ್ಲಿ ಬಿದ್ದ ಮರ, ಕಡಿದ ಕೊಂಬೆ ಹಿತ್ತಲಲ್ಲೇ ಸಿಗುತ್ತದೆ. ನಮ್ಮ ಆಲೆಮನೆಗೆ ಕಬ್ಬಿನ ಸಿಪ್ಪೆ ಹೇಗೋ, ಅವರಿಗೆ ಅದು ಹಾಗೆ.

ಒಲೆ ಹೂಡುವುದು ಹೀಗೆ. ಹಿಮದ ಮೇಲೆ ನೇರ ಕಟ್ಟಬೇಡಿ, ಕರಗಿ ವಾಲುತ್ತದೆ. ಗಟ್ಟಿ ನೆಲ ಕಾಣುವವರೆಗೂ ಹಿಮ ತೆಗೆದು, ಇಟ್ಟಿಗೆ ಹಾಸಿ. ಮೂರು ಕಡೆ ಸಿಮೆಂಟ್ ಬ್ಲಾಕ್ ಇಡಿ, ಮುಂದೆ ಬಾಯಿ ಬಿಡಿ, ಹಿಂದೆ ತಗಡಿನ ಹೊಗೆ ಕೊಳವೆ ನಿಲ್ಲಿಸಿ. ಕೊಳವೆ ಇದ್ದರೆ ಉರಿ ಪಾತ್ರೆಯ ತಳವನ್ನು ಉದ್ದಕ್ಕೂ ನೆಕ್ಕಿಕೊಂಡು ಹೋಗುತ್ತದೆ. ಊರಿನ ಅಗ್ನಿಶಾಮಕದವರನ್ನು ಮೊದಲೇ ಒಂದು ಮಾತು ಕೇಳಿಬಿಡಿ.

ಪಾತ್ರೆಯ ವಿಷಯದಲ್ಲಿ ಜಿಪುಣತನ ಬೇಡ. ಆಳದ ಡಬರಿ ಬೇಡವೇ ಬೇಡ. ಅಗಲ ಇದ್ದಷ್ಟೂ ಆವಿ ಬೇಗ ಹೋಗುತ್ತದೆ. ಮದುವೆಮನೆ ಬಫೆಯಲ್ಲಿ ಪಲ್ಯ ಇಡುವ ಚೌಕದ ಸ್ಟೀಲ್ ಟ್ರೇ ನೋಡಿದ್ದೀರಲ್ವಾ? ಅಂಥವು ಎರಡು ಮೂರು ಸಾಲಾಗಿ ಇಡಿ. ಹಿಂದಿನದರಲ್ಲಿ ತಣ್ಣನೆ ರಸ ಬಿಸಿಯಾಗಲಿ, ಮುಂದಿನದು ಕುದಿಯಲಿ. ಕುದಿಯುವುದಕ್ಕೆ ತಣ್ಣನೆ ರಸ ಸುರಿದರೆ ಕುದಿ ಸತ್ತುಹೋಗುತ್ತದೆ, ಮತ್ತೆ ಎಬ್ಬಿಸಲು ಸೌದೆ ದಂಡ. ರಸ ಎರಡು ಬೆರಳಿನಷ್ಟು ಆಳ ಇರಲಿ. ಒಂದು ಬೆರಳಿಗಿಂತ ಕೆಳಗೆ ಇಳಿಯಲು ಬಿಡಬೇಡಿ, ಸೀಯುತ್ತದೆ. ಹಳೆಯ ಬೆಸುಗೆ ಹಾಕಿದ ತಗಡಿನ ಪಾತ್ರೆ ಯಾರಾದರೂ ಕೊಟ್ಟರೂ ತಗೋಬೇಡಿ. ಬೆಸುಗೆಯಲ್ಲಿ ಸೀಸ ಇರುತ್ತದೆ.

ಸೌದೆ ವರ್ಷ ಒಣಗಿದ್ದಿರಬೇಕು. ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿಕೊಳ್ಳಿ. ಉರಿ ಹಾಕುವುದನ್ನು ದಾವಣಗೆರೆಯವರಿಗೆ ಹೇಳಿಕೊಡಬೇಕಾ! ಮಂಡಕ್ಕಿ ಭಟ್ಟಿಯಲ್ಲಿ ಒಲೆ ಮುಂದೆ ಕೂತವರನ್ನು ನೆನೆಸಿಕೊಳ್ಳಿ. ಭತ್ತದ ಹೊಟ್ಟನ್ನು ಒಮ್ಮೆಗೇ ಸುರಿಯುವುದಿಲ್ಲ. ಕೈ ಬೊಗಸೆಯಷ್ಟು ಎರಚುತ್ತಾರೆ, ಉರಿ ಭಗ್ ಅಂತ ಏಳುತ್ತದೆ, ಅದು ಇಳಿಯುವ ಮೊದಲೇ ಇನ್ನೊಂದು ಬೊಗಸೆ. ಹಾಗೇ ಇಲ್ಲೂ ಏಳೆಂಟು ನಿಮಿಷಕ್ಕೊಮ್ಮೆ ಎರಡು ಮೂರು ಸೀಳು ಹಾಕುತ್ತಿರಿ. ಒಲೆ ತುಂಬ ತುರುಕಿದರೆ ಬರೀ ಹೊಗೆ.

ಸೌದೆ ಉಳಿಸಲು ಇನ್ನೊಂದು ದಾರಿ ಇದೆ. ರಾತ್ರಿ ಬಕೆಟ್‌ನಲ್ಲಿಟ್ಟ ರಸದ ಮೇಲೆ ಐಸ್ ಕಟ್ಟಿರುತ್ತದೆ. ಅದು ಹೆಚ್ಚೂಕಡಿಮೆ ಬರೀ ನೀರು, ಸಕ್ಕರೆ ಕೆಳಗೆ ಉಳಿದಿರುತ್ತದೆ. ಬೆಳಗ್ಗೆ ಆ ಐಸ್ ತೆಗೆದು ಎಸೆಯಿರಿ. ಅಷ್ಟು ನೀರನ್ನು ಚಳಿಯೇ ಪುಕ್ಕಟೆ ತೆಗೆದುಕೊಟ್ಟಂತೆ. ಅಲ್ಲಿನ ಮೂಲನಿವಾಸಿಗಳೂ ಹಿಂದೆ ಹೀಗೆ ಮಾಡುತ್ತಿದ್ದರು. ರಸವನ್ನು ಹಾಲಿನಂತೆ ನೋಡಿಕೊಳ್ಳಿ, ತಣ್ಣಗಿಡಿ, ಎರಡು ಮೂರು ದಿನದೊಳಗೆ ಕಾಯಿಸಿ. ಮರ ಮೊಗ್ಗೊಡೆದ ಮೇಲೆ ಬರುವ ರಸದ ರುಚಿ ಕೆಡುತ್ತದೆ. ಆಗ ನಿಲ್ಲಿಸಿಬಿಡಿ.

ಇನ್ನು ಆ ಕೊನೆಯ ಒಂದು ಗಂಟೆ. ನನಗೆ ಹದಿನಾರು ವರ್ಷ ಇದ್ದಾಗಿನ ಮಾತು. ಪಾಕ ನೋಡುವವರು ಊಟಕ್ಕೆ ಹೋಗಿದ್ದರು. ಕೊಪ್ಪರಿಗೆ ಪಕ್ಕ ನಾನೊಬ್ಬಳೇ ನಿಂತಿದ್ದೆ. ನೊರೆ ಸಣ್ಣದಾಯಿತು, ಬಣ್ಣ ತಿರುಗಿತು, ಪಾಕ ಬಂತು ಅಂತ ಗೊತ್ತಾಯಿತು. ಕೂಗಿದೆ, ಒಲೆಗೆ ಸಿಪ್ಪೆ ಹಾಕುವುದನ್ನು ನಿಲ್ಲಿಸಿದರು. ಆದರೆ ಒಳಗಿದ್ದ ಕೆಂಡ ನನ್ನ ಮಾತು ಕೇಳಬೇಕಲ್ಲ! ನಾಲ್ಕು ಜನ ಸೇರಿ ಕೊಪ್ಪರಿಗೆ ಇಳಿಸುವಷ್ಟರಲ್ಲಿ ತಳ ಸೀದು, ಇಡೀ ಹದ ಕರಿ ಬೆಲ್ಲವಾಯಿತು. ಒಂದಿಡೀ ದಿನದ ಕಬ್ಬು. ಅಪ್ಪ ಬೈಯಲಿಲ್ಲ. ಕೊಪ್ಪರಿಗೆ ಉಜ್ಜಲು ಕೂತರು, ನಾನೂ ಪಕ್ಕದಲ್ಲಿ ಕೂತೆ.

ಅದಕ್ಕೇ ಹೇಳುವುದು, ಸೌದೆ ಒಲೆಯ ಮೇಲೆ ಪಾಕ ಮುಗಿಸಬೇಡಿ. 40 ಲೀಟರ್ ಇಳಿದು ಮೂರು ಲೀಟರ್ ಆಗಿ, ಜೇನಿನ ಬಣ್ಣ ಬಂದಾಗ ತೆಗೆದು, ಸೋಸಿ ಒಳಗೆ ತನ್ನಿ. ಆಗ ಮಗಳ ಇಂಡಕ್ಷನ್ ಹಚ್ಚಿ. ಗುಂಡಿ ಒತ್ತಿದರೆ ಆರುವ ಉರಿ ಅದು. ಹೋಗಬೇಕಾದ ನೀರು ಬರೀ ಎರಡು ಲೀಟರ್, ಗೋಡೆಗೂ ತೊಂದರೆಯಿಲ್ಲ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ನೋಡಿಕೊಳ್ಳಿ. ಅವತ್ತು ನೀರು ಎಷ್ಟಕ್ಕೆ ಕುದಿಯಿತೋ ಅದಕ್ಕಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಪಾಕ ಸಿದ್ಧ, ಅಂದರೆ 104ರ ಹತ್ತಿರ. ಸೌಟು ಎತ್ತಿ ಹಿಡಿಯಿರಿ. ಹನಿ ಹನಿಯಾಗಿ ಬೀಳದೆ, ಅಂಚಿನಲ್ಲಿ ಕೂಡಿಕೊಂಡು ಹಾಳೆಯ ಹಾಗೆ ಇಳಿಯಬೇಕು. ಮುಂದೆ ಹೋದರೆ ಬಾಟಲಿಯಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ, ಹಿಂದೆ ಉಳಿದರೆ ಹುಳಿ ಬರುತ್ತದೆ. ನೊರೆ ಉಕ್ಕಿದರೆ ಒಂದು ಚೂರು ಬೆಣ್ಣೆ ಹಾಕಿ, ಕೂಡಲೇ ಇಳಿಯುತ್ತದೆ. ಆಲೆಮನೆಯಲ್ಲಿ ನಾವು ಒಂದು ತೊಟ್ಟು ಎಣ್ಣೆ ಬಿಡುತ್ತಿದ್ದೆವು. ಕೊನೆಗೆ ಬಿಸಿಯಿದ್ದಾಗಲೇ ದಪ್ಪ ಉಣ್ಣೆ ಬಟ್ಟೆಯಲ್ಲಿ ಸೋಸಿ, ಬಿಸಿ ಬಾಟಲಿಗೆ ತುಂಬಿ. ಬಟ್ಟೆಯಲ್ಲಿ ಮರಳಿನಂಥದ್ದು ಉಳಿದರೆ ಗಾಬರಿ ಬೇಡ, ಅದು ಮರದ ರಸದಲ್ಲೇ ಇರುವ ಖನಿಜ.

ಪ್ರಶ್ನೆ: ಹೊಳಲ್ಕೆರೆಯಿಂದ. 10 ಲೀಟರ್ ಕಬ್ಬಿನ ಹಾಲು ತಂದು ಮನೆಯಲ್ಲೇ ಜೋನಿ ಬೆಲ್ಲ ಮಾಡುವ ಆಸೆ. ಗ್ಯಾಸ್‌ನಲ್ಲಿ ಗಿಟ್ಟುತ್ತದಾ ಅಕ್ಕಾ?

ಉತ್ತರ: ಗಿಟ್ಟುತ್ತದೆ ತಮ್ಮಾ. ಒಂದು ಕೆಜಿ ಗ್ಯಾಸ್ ಹತ್ತಿರ ಹೋಗಬಹುದು, ಎರಡು ಕೆಜಿಗಿಂತ ಜಾಸ್ತಿ ಜೋನಿ ಬೆಲ್ಲ ಸಿಗುತ್ತದೆ. ಹಾಲು ತಂದ ಕೂಡಲೇ ಒಲೆಗಿಡು, ಮಧ್ಯಾಹ್ನದವರೆಗೆ ಇಟ್ಟರೆ ಹುಳಿಯುತ್ತದೆ. ಕಾಯುತ್ತಾ ಬಂದಾಗ ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ಕಿವುಚಿದ ಲೋಳೆ ಹಾಕು. ಮೇಲೆ ಏಳುವ ಮಡ್ಡಿಯನ್ನು ಜಾಲರಿಯಿಂದ ತೆಗೆಯುತ್ತಿರು.