ಟಿಬಿ ಲೆಕ್ಕ ನಿಮ್ದು ಸರಿ, ಚಿತ್ರ ನಮ್ದು ತಪ್ಪು

ಗಂಗಾವತಿಯ ಓದುಗರೊಬ್ರು ಬರ್ದಾರ: "ಹೋದ ತಿಂಗಳ ಗಣಿತದ ಗಂಟಿನ ಲೇಖನದಾಗ, ದಾರದ ಎರಡೂ ಕೊನೆ ಕೂಡಿಸಿದ ಮೂರೆಸಳಿನ ಗಂಟು, ಅಂದ್ರ ಬಲಗೈ ಟ್ರೆಫಾಯಿಲ್‌ಗೆ ಟಿಬಿ 1 ಅಂತ ಹಾಕೀರಿ. ನಿಮ್ಮ ಚಿತ್ರ ಇಟ್ಕೊಂಡು, ಅಕ್ಕಿ ಚೀಲದ ಸುತಳಿ ಕಟ್ಟಿ ನಾಲ್ಕು ಸಲ ಎಣಿಸಿದೆ, ಮೈನಸ್ 5 ಬರ್ತೈತಿ. ಮತ್ತ, ಟಿಬಿ ಒಂದೇ ಇದ್ರ ಗಂಟೂ ಒಂದೇನಾ?"

ಸರ್, ನಿಮ್ಮ ಎಣಿಕಿ ಸರಿ ಐತಿ. ಪೇಜ್ ಕಟ್ಟೋ ಮುಂದ ಕಾಲಮ್ಮಿಗೆ ಚಂದ ಕೂಡ್ಲಿ ಅಂತ ನಮ್ಮ ಹುಡುಗ ಚಿತ್ರಾನ ಎಡ-ಬಲ ಫ್ಲಿಪ್ ಮಾಡ್ಯಾನ, ಆ ಗಂಟಿನ ಹೊರಗೆರೆ ಎರಡೂ ಕಡೆ ಒಂದೇ ಥರ ಇರೋದ್ರಿಂದ ಪ್ರೂಫ್ ನೋಡಿದ ನನಗೂ ಗೊತ್ತಾಗ್ಲಿಲ್ಲ. ಆದ್ರ ಮೂರೂ ಕ್ರಾಸಿಂಗಿನ್ಯಾಗ ಮೇಲಿನ ದಾರ ಕೆಳಗ ಹೋತು.

ಟಿಬಿ ಅಂದ್ಕೂಡ್ಲೆ ನಮ್ಮ ಕಡೆ ಮಂದಿಗೆ ತುಂಗಭದ್ರಾ ಡ್ಯಾಮೇ ನೆನಪಾಗೋದು, ಇಲ್ಲಿ ಅದು ಇಬ್ಬರು ಗಣಿತಜ್ಞರ ಹೆಸರಿನ ಥರ್ಸ್ಟನ್-ಬೆನ್ನೆಕ್ವಿನ್ ನಂಬರ್. ದಾರ ದಾರದ ಮೇಲೆ ಹಾಯೋ ಒಂದೊಂದು ಕ್ರಾಸಿಂಗಿಗೂ, ಅದು ಯಾವ ಕಡೆ ತಿರುಗೈತಿ ನೋಡಿ, ಪ್ಲಸ್ 1 ಇಲ್ಲಾ ಮೈನಸ್ 1 ಹಾಕಿ ಕೂಡಿಸಿ, ಬಲಕ್ಕ ಮೊನಚಾಗಿರೋ ತುದಿ ಎಷ್ಟದಾವೋ ಅಷ್ಟು ಕಳೀಬೇಕು. ಅಸಲು ಚಿತ್ರದಾಗ ಮೂರು ಪ್ಲಸ್, ಎರಡು ತುದಿ, ಅಂದ್ರ 1. ತಿರುವಿದ ಚಿತ್ರದಾಗ ಮೂರೂ ಮೈನಸ್, ತುದಿ ಮತ್ತ ಎರಡೇ, ಅದಕ್ಕ ಮೈನಸ್ 5.

ಇಲ್ಲೇ ಮಜಾ ಇರೋದು. ಈ ಟಿಬಿ ಲೆಕ್ಕ ಲೆಜೆಂಡ್ರಿಯನ್ ಅನ್ನೋ ಗಂಟುಗಳಿಗಷ್ಟೇ. ಸ್ಟ್ಯಾಂಡರ್ಡ್ ಕಾಂಟ್ಯಾಕ್ಟ್ ಸ್ಟ್ರಕ್ಚರ್ ಅಂದ್ರ ಜಾಗದ ಒಂದೊಂದು ಬಿಂದುವಿಗೂ ಒಂದೊಂದು ಸಮತಲ, ಒಳಗ ಹೋದಂಗ ಹೋದಂಗ ಅದು ಓರೆಯಾಗ್ತಾ ಹೋಗ್ತೈತಿ, ಯಾವ ಹಾಳೆ ಹಾಸಿದ್ರೂ ಎಲ್ಲಾ ಕಡೆ ಅದಕ್ಕ ಹೊಂದಿ ಕೂಡಂಗಿಲ್ಲ. ಗಂಟು ಲೆಜೆಂಡ್ರಿಯನ್ ಆಗ್ಬೇಕಂದ್ರ ದಾರ ಎಲ್ಲೂ ಆ ಸಮತಲ ಬಿಟ್ಟು ಹೊರಳಬಾರ್ದು. ಹಂಗಾಗಿ ಚಿತ್ರದಾಗಿನ ಇಳಿಜಾರೇ ದಾರ ಎಷ್ಟು ಒಳಗೈತಿ ಅಂತ ಹೇಳ್ಬಿಡ್ತೈತಿ, ಎಡದಿಂದ ಬಲಕ್ಕ ಇಳಿಯೋ ದಾರ ಯಾವಾಗ್ಲೂ ಮುಂದ, ಏರೋದು ಹಿಂದ, ಇದು ಚಿತ್ರ ಬರೆಯೋನ ಕೈಯಾಗಿಲ್ಲ. ನಾವು ಪ್ರಿಂಟ್ ಹಾಕಿದ್ರಾಗ ಏರೋ ದಾರ ಮುಂದಿತ್ತು, ಅಂದ್ರ ಅದು ಲೆಜೆಂಡ್ರಿಯನ್ ಗಂಟಿನ ಚಿತ್ರನೇ ಅಲ್ಲ!

ಎಡಗೈ ಟ್ರೆಫಾಯಿಲ್, ಅಂದ್ರ ಬಲಗೈದರ ಕನ್ನಡಿ ರೂಪ, ಬರೀಲಿಕ್ಕೆ ಬರಂಗಿಲ್ಲ ಅಂತಲ್ಲ, ಆದ್ರ ಇಳಿಜಾರಿನ ರೂಲ್ ಪಾಲಿಸ್ಬೇಕಂದ್ರ ಇನ್ನೊಂದು ತುದಿ ಬೇಕೇ ಬೇಕು. ಮೂರು ಮೈನಸ್, ಮೂರು ತುದಿ, ಮೈನಸ್ 6. ಆ ಗಂಟಿಗೆ ಸಿಗೋ ಅತಿ ದೊಡ್ಡ ಟಿಬಿ ಅದೇ. ನಿಮಗ ಬಂದ ಮೈನಸ್ 5 ಅದಕ್ಕಿಂತ ದೊಡ್ದು, ಚಿತ್ರ ತಪ್ಪೈತಿ ಅನ್ನೋಕೆ ಬ್ಯಾರೆ ಸಾಕ್ಷಿ ಬೇಡ. ಬೆನ್ನೆಕ್ವಿನ್ 1983ರ ಪೇಪರಿನ್ಯಾಗ ತೋರಿಸಿದ ಮಿತಿ ನೋಡಿದ್ರ ಎರಡೂ ಟ್ರೆಫಾಯಿಲ್‌ಗೆ 1ರ ತನಕ ಅವಕಾಶ ಐತಿ, ಬಲಗೈದು ಮುಟ್ತೈತಿ, ಎಡಗೈದು ಹತ್ರಾನೂ ಸುಳಿಯಂಗಿಲ್ಲ, ಅದನ್ನ ಹಿಡಿಯೋಕೆ ಬ್ಯಾರೆ ಇನ್ವೇರಿಯಂಟೇ (ಗಂಟು ಹೆಂಗ ಹೊರಳಿಸಿದ್ರೂ ಬದಲಾಗದ ಲೆಕ್ಕ) ಬೇಕು.

ಎರಡನೇ ಪ್ರಶ್ನೆಗೆ ಉತ್ತರ, ಇಲ್ಲ. ಐದು ಕ್ರಾಸಿಂಗಿನ ಒಂದು ಗಂಟಿಗೆ ಎರಡು ಲೆಜೆಂಡ್ರಿಯನ್ ರೂಪ ಅದಾವ, ಎರಡಕ್ಕೂ ಟಿಬಿ 1, ರೊಟೇಶನ್ ನಂಬರ್ (ದಾರದ ಗುಂಟ ಹೋದ್ರ ಒಟ್ಟು ಎಷ್ಟು ಸುತ್ತು ತಿರುಗ್ತೀವಿ ಅನ್ನೋ ಲೆಕ್ಕ) ಸೊನ್ನೆ, ಆದ್ರೂ ಲೆಜೆಂಡ್ರಿಯನ್ ಆಗೇ ಉಳಿಸ್ಕೊಂಡು ಒಂದನ್ನ ಇನ್ನೊಂದು ಮಾಡ್ಲಿಕ್ಕೆ ಆಗಂಗಿಲ್ಲ. ಕ್ರಾಸಿಂಗುಗಳಿಂದ್ಲೇ ಒಂದು ಆಲ್ಜೀಬ್ರಾ ಕಟ್ಟಿ ಗಣಿತಜ್ಞ ಚೆಕನೊವ್ ಅದನ್ನ ತೋರಿಸಿದ್ರು, 2002ರಾಗ ಪ್ರಿಂಟ್ ಆತು. ಅದನ್ನ ಇಲ್ಲಿ ಹಿಡಿಸ್ಲಿಕ್ಕೆ ಜಾಗ ಇಲ್ಲ.

ಸರಿಯಾದ ಚಿತ್ರ ಈ ಪುಟದ ಕೆಳಗೇ ಐತಿ, ಈ ಸಲ ನಾನೇ ಪಕ್ಕದಾಗ ಕುಂತು ಹಾಕ್ಸೀನಿ. ಸುತಳಿ ಬಿಚ್ಚಿಲ್ಲ ಅಂದ್ರ ಇನ್ನೊಮ್ಮೆ ಎಣಿಸ್ರಿ.