ಗೂಡಿನ ಜಾಗ ಊರಿಗೆಲ್ಲ ಗೊತ್ತಾಗಬೇಕೆ? — ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೆ,

ಉಳಿದ ಓದುಗರ ಅನುಕೂಲಕ್ಕಾಗಿ ನಿಮ್ಮ ಪತ್ರದ ಸಾರವನ್ನು ಮೊದಲು ಹೇಳುತ್ತೇನೆ. ಪಕ್ಷಿವೀಕ್ಷಕ ಗೆಳೆಯರೊಬ್ಬರು ನಿಮ್ಮನ್ನು ಕರೆದೊಯ್ದು, ಬಂಡೆಯ ಚಾಚಿನ ಮೇಲೆ ಮರಿ ಮಾಡಿದ್ದ ಕೊಂಬಿನ ಗೂಬೆಯನ್ನು ತೋರಿಸಿದರು. ನೀವು ತೆಗೆದ ಚಿತ್ರವನ್ನು ಮ್ಯಾಪಿನ ಲೊಕೇಶನ್ ಸಮೇತ ದೊಡ್ಡದೊಂದು ಫೇಸ್‌ಬುಕ್ ಗುಂಪಿನಲ್ಲಿ ಹಾಕಿದಿರಿ. ಆ ವಾರದ ಕೊನೆಗೆ ಬಂಡೆಯ ಬುಡದಲ್ಲಿ ಕ್ಯಾಮೆರಾಗಳ ಸಾಲು ನಿಂತಿತು, ಗುಂಪಿನ ಹಿರಿಯರೊಬ್ಬರು ಎಲ್ಲರೆದುರು ನಿಮ್ಮನ್ನು ತರಾಟೆಗೆ ತೆಗೆದುಕೊಂಡರು. ಅದು ಯಾರ ಸ್ವತ್ತೂ ಅಲ್ಲದ ಸಾರ್ವಜನಿಕ ಜಾಗವಾಗಿರುವಾಗ ಗುಟ್ಟು ಮಾಡುವುದೇಕೆ, ತಾವು ಮಾತ್ರ ಚಿತ್ರ ತೆಗೆದು ಇನ್ನೊಬ್ಬರಿಗೆ ಜಾಗ ಹೇಳದಿರುವುದು ಹೊಟ್ಟೆಕಿಚ್ಚಲ್ಲದೆ ಇನ್ನೇನು ಎಂದು ನೀವು ಕೇಳಿದ್ದೀರಿ.

ಪ್ರಶ್ನೆ ನ್ಯಾಯವಾದದ್ದು. ಆದರೆ ಜಾಗ ಸಾರ್ವಜನಿಕವೋ ಖಾಸಗಿಯೋ ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಆ ಬಂಡೆಯ ಬಳಿಗೆ ಹೋಗುವ ಹಕ್ಕು ಎಲ್ಲರಿಗೂ ಇದೆ ಎಂದೇ ಇಟ್ಟುಕೊಳ್ಳೋಣ. ಎಲ್ಲರನ್ನೂ ಒಂದೇ ವಾರದಲ್ಲಿ ಅಲ್ಲಿಗೆ ಕಳುಹಿಸುವ ಹಕ್ಕು ಅದರಿಂದ ನಿಮಗಾಗಲಿ ನನಗಾಗಲಿ ಬರುವುದಿಲ್ಲ. ಅದರಲ್ಲೂ ಆ ಜಾಗವನ್ನು ನೀವಾಗಿ ಹುಡುಕಿದ್ದಲ್ಲ, ಒಬ್ಬರು ನಂಬಿ ತೋರಿಸಿದ್ದು. ಪರವಾನಗಿ ಪಡೆದು ಬೇಟೆಯಾಡುವ ದೇಶಗಳ ಬೇಟೆಗಾರರಲ್ಲಿ ಹಳೆಯ ರೂಢಿಯೊಂದಿದೆ: ಒಬ್ಬನು ತೋರಿಸಿಕೊಟ್ಟ ಜಾಗಕ್ಕೆ ಅವನನ್ನು ಕೇಳದೆ ಮೂರನೆಯವನನ್ನು ಕರೆದೊಯ್ಯುವಂತಿಲ್ಲ. ಅಲ್ಲಿನ ನೆಲವೂ ಎಷ್ಟೋ ಕಡೆ ಸರ್ಕಾರದ್ದೇ; ಆದರೂ ಈ ಮಾತು ತಪ್ಪಿದವನನ್ನು ಜೊತೆಗಾರರು ಮರುವರ್ಷ ಕರೆಯುವುದಿಲ್ಲ. ಗಾಳ ಹಾಕಿ ಮೀನು ಹಿಡಿಯುವವರಲ್ಲೂ ಇದೇ ನಡೆ ಇದೆ. ಬಂದೂಕಿನ ಬದಲು ಕ್ಯಾಮೆರಾ ಹಿಡಿದ ಮಾತ್ರಕ್ಕೆ ಈ ಮರ್ಯಾದೆ ನಮಗೆ ಅನ್ವಯಿಸುವುದಿಲ್ಲ ಎನ್ನಲು ನನಗೆ ಕಾರಣ ಕಾಣುತ್ತಿಲ್ಲ. ನಿಮ್ಮ ಗೆಳೆಯರು ಯಾರಿಗೂ ಹೇಳಬೇಡಿ ಎಂದಿರಲಿಲ್ಲ ಎಂದು ನೀವು ಬರೆದಿದ್ದೀರಿ. ಇರಬಹುದು, ಆದರೆ ಹೇಳಬಹುದೇ ಎಂದು ನೀವೂ ಕೇಳಿರಲಿಲ್ಲವಷ್ಟೆ.

ಇನ್ನು ಬಾಯಿಮಾತಿಗೂ ಪೋಸ್ಟಿಗೂ ಇರುವ ವ್ಯತ್ಯಾಸವನ್ನು ನೋಡೋಣ. ಬಾಯಿಮಾತಿನಲ್ಲಿ ಜಾಗ ಹೇಳುವಾಗ ಅದರ ಜೊತೆಗೆ ಕಟ್ಟುಪಾಡುಗಳೂ ಹೋಗುತ್ತವೆ: ಇಷ್ಟು ದೂರದಲ್ಲೇ ನಿಲ್ಲಿ, ಹೊಲದ ಯಜಮಾನರಿಗೆ ಒಂದು ಮಾತು ಹೇಳಿ ದಾಟಿ, ಹಕ್ಕಿ ಕತ್ತೆತ್ತಿ ನೋಡತೊಡಗಿದರೆ ಹಿಂದೆ ಸರಿಯಿರಿ. ಯಾರಿಗೆ ಹೇಳುತ್ತಿದ್ದೇವೆ ಎಂಬುದೂ ನಮಗೆ ಗೊತ್ತಿರುತ್ತದೆ. ಲೊಕೇಶನ್ ಹಂಚಿದಾಗ ಈ ಕಟ್ಟುಪಾಡುಗಳೆಲ್ಲ ಉದುರಿ, ಬರೀ ಒಂದು ಬಿಂದು ಊರೂರು ತಿರುಗುತ್ತದೆ. ಆ ಬಿಂದು ಎಷ್ಟು ನಿಖರವೆಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಅಕ್ಷಾಂಶವನ್ನು ದಶಮಾಂಶದ ಒಂದು ಸ್ಥಾನಕ್ಕೆ ಬರೆದರೆ ಅದು ಸುಮಾರು 11 ಕಿಲೋಮೀಟರಿನಷ್ಟು ಸ್ಥೂಲವಾದ ಮಾಹಿತಿ, ಎರಡನೆಯ ಸ್ಥಾನಕ್ಕೆ ಅದು ಸುಮಾರು 1 ಕಿಲೋಮೀಟರಿಗೆ ಇಳಿಯುತ್ತದೆ, ಐದನೆಯ ಸ್ಥಾನಕ್ಕೆ ಬಂದರೆ 1 ಮೀಟರಿನ ಆಸುಪಾಸು. ನಿಮ್ಮ ಪೋಸ್ಟಿನಲ್ಲಿದ್ದದ್ದು ಆರು ಸ್ಥಾನಗಳ ಸಂಖ್ಯೆ. ಯಾವ ಬೆಟ್ಟವೆಂದು ಹೇಳಿ ಸುಮ್ಮನಾಗಲಿಲ್ಲ, ನೀವು ಹಕ್ಕಿಯನ್ನೇ ಬೆರಳು ಮಾಡಿ ತೋರಿಸಿದಿರಿ.

ಅಲ್ಲಿಗೆ ಹೋದವರೆಲ್ಲ ಸಭ್ಯರೇ, ಯಾರೂ ಗೂಡನ್ನು ಮುಟ್ಟಲಿಲ್ಲ ಎಂದಿದ್ದೀರಿ. ನಂಬುತ್ತೇನೆ. ಆದರೆ ಬಂದವರಲ್ಲಿ ಒಬ್ಬೊಬ್ಬರೂ ಹತ್ತೇ ನಿಮಿಷ ನಿಂತರೂ ಆ ಹಕ್ಕಿಯ ಪಾಲಿಗೆ ಅದು ಬೆಳಗಿನಿಂದ ಸಂಜೆಯವರೆಗೆ ಮುಗಿಯದ ಒಂದೇ ಭೇಟಿ. ಗೂಬೆಗೆ ಹಗಲು ವಿಶ್ರಾಂತಿಯ ಹೊತ್ತು. ಬೆದರಿ ಬೆಳಕಿಗೆ ಹಾರಿದರೆ ಕಾಗೆಗಳು ಕಂಡು ಮುತ್ತಿಕೊಂಡು ಓಡಿಸುತ್ತವೆ. ತಾಯಿ ದೂರವಿದ್ದಷ್ಟು ಹೊತ್ತೂ ಮೊಟ್ಟೆಯಾದರೆ ಕಾವು ತಪ್ಪುತ್ತದೆ, ರೆಕ್ಕೆ ಬಾರದ ಮರಿಯಾದರೆ ಕಾದ ಕಲ್ಲಿನ ಮೇಲೆ ಬಿಸಿಲಿಗೆ ಬೀಳುತ್ತದೆ. ನೋಟಕ್ಕೆ ಅಡ್ಡ ಬಂತೆಂದು ಯಾರೋ ಬಗ್ಗಿಸಿದ ಕೊಂಬೆಯೇ ಅದಕ್ಕಿದ್ದ ನೆರಳಾಗಿರಬಹುದು, ಮರೆಯೂ ಆಗಿರಬಹುದು. ಇನ್ನೂ ಹಾರಲಾರದ ಮರಿ ಗಾಬರಿಯಿಂದ ಗೂಡು ಬಿಟ್ಟು ಜಿಗಿಯುವುದೂ ಉಂಟು. ಜನರು ತುಳಿದು ಮಾಡಿದ ಕಾಲುದಾರಿ ಜನರು ಹೋದ ಮೇಲೂ ಅಲ್ಲೇ ಉಳಿಯುತ್ತದೆ, ಅದರಲ್ಲಿ ನಾಯಿಯೂ ನಡೆದೀತು, ಮುಂಗುಸಿಯೂ ನಡೆದೀತು. ಇಷ್ಟೂ ಕೇಡು ಒಬ್ಬ ಕೆಟ್ಟವನೂ ಇಲ್ಲದೆ ಆಗುವಂಥದ್ದು ಎಂಬುದನ್ನು ಗಮನಿಸಬೇಕು. ಬಂದವರಲ್ಲಿ ಯಾರನ್ನೂ ನಾವು ದೂರುವಂತಿಲ್ಲ, ಅಷ್ಟು ಜನ ಬರಲು ಕಾರಣವಾದ ಪೋಸ್ಟಿನ ಬಗ್ಗೆ ಮಾತ್ರ ಮಾತಾಡಬಹುದು.

ಕೆಟ್ಟವರೂ ಇದ್ದಾರೆ. ಚೀನಾ ಮತ್ತು ವಿಯೆಟ್ನಾಂ ಗಡಿಯ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಗೋನಿಯುರೋಸಾರಸ್ ಲೂಯಿ ಎಂಬ ಹಲ್ಲಿಯನ್ನು ವಿಜ್ಞಾನಿಗಳು 1999ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಸಿಕ್ಕ ಜಾಗವನ್ನೂ ರೂಢಿಯಂತೆ ಪ್ರಕಟಿಸಿದರು. ಸಾಕುಪ್ರಾಣಿ ವ್ಯಾಪಾರಕ್ಕಾಗಿ ಹಿಡಿಯುವವರು ಆ ವಿವರವನ್ನೇ ಹಿಡಿದು ಹೋಗಿ, ಅದು ಮೊದಲು ಸಿಕ್ಕ ನೆಲೆಯಲ್ಲಿ ಒಂದೂ ಉಳಿಯದಂತೆ ಮಾಡಿದರು. ಇಂಡೋನೇಷ್ಯಾದ ರೋಟೆ ದ್ವೀಪದ ಹಾವಿನ ಕತ್ತಿನ ಆಮೆಯ ಗತಿಯೂ ಹೆಚ್ಚುಕಡಿಮೆ ಹೀಗೆಯೇ ಆಯಿತು. 1994ರಲ್ಲಿ ಅದಕ್ಕೆ ಹೆಸರಿಟ್ಟ ಬೆನ್ನಿಗೇ ಸಂಗ್ರಾಹಕರ ಬೇಡಿಕೆ ಏರಿ, ಕಾಡಿನಲ್ಲಿ ಅದು ಅಳಿವಿನ ಅಂಚಿಗೆ ಬಂತು. ಈ ಪಾಠದಿಂದಾಗಿಯೇ 2015ರಲ್ಲಿ ಅದೇ ಹಲ್ಲಿಯ ಕುಲದ ಇನ್ನೆರಡು ಹೊಸ ಪ್ರಭೇದಗಳನ್ನು ವಿವರಿಸಿದವರು ನೆಲೆಯ ವಿವರವನ್ನು ಪ್ರಬಂಧದಲ್ಲಿ ಕೊಡಲಿಲ್ಲ. ಎಲ್ಲವನ್ನೂ ಬಹಿರಂಗವಾಗಿ ದಾಖಲಿಸುವುದೇ ಕಸುಬಾಗಿರುವ ವಿಜ್ಞಾನಿಗಳೇ ಬಾಯಿ ಬಿಗಿಹಿಡಿದರೆಂದರೆ, ಮೆಚ್ಚುಗೆಯ ಲೈಕುಗಳಿಗಾಗಿ ಚಿತ್ರ ಹಾಕುವ ನಾವು ಸ್ವಲ್ಪ ತಡೆದುಕೊಳ್ಳುವುದು ದೊಡ್ಡ ತ್ಯಾಗವೇನೂ ಅಲ್ಲ. ಗೂಬೆಯ ವಿಷಯದಲ್ಲಂತೂ ಮೂಢನಂಬಿಕೆಯನ್ನೇ ನೆಚ್ಚಿಕೊಂಡ ಕಳ್ಳ ವ್ಯಾಪಾರವೂ ಇದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಇನ್ನೊಂದು ಆಕ್ಷೇಪವನ್ನು ನಾನು ಒಪ್ಪಲೇಬೇಕು. ಗುಟ್ಟು ಮಾಡುವವರೆಲ್ಲ ಹಕ್ಕಿಯ ಹಿತಕ್ಕಾಗಿಯೇ ಮಾಡುತ್ತಾರೆಂಬ ಭ್ರಮೆ ನನಗಿಲ್ಲ. ತಮ್ಮ ಚಿತ್ರದಂಥ ಚಿತ್ರ ಇನ್ನೊಬ್ಬರ ಬಳಿ ಇರಬಾರದು ಎಂಬ ಲೆಕ್ಕಾಚಾರ ಕೆಲವರ ಸಂರಕ್ಷಣೆಯ ಮಾತಿನ ಹಿಂದೆ ಇರುತ್ತದೆ. ಇಪ್ಪತ್ತು ಜನರನ್ನು ತಾವೇ ಕರೆದೊಯ್ದು, ಇಪ್ಪತ್ತೊಂದನೆಯವರಿಗೆ ನೀತಿ ಹೇಳುವವರೂ ಇದ್ದಾರೆ. ನಿಮ್ಮನ್ನು ಗದರಿದ ಹಿರಿಯರು ಅದೇ ಗೂಡಿನ ಚಿತ್ರವನ್ನು ಮೊದಲೇ ಹಾಕಿದ್ದರೆಂಬ ನಿಮ್ಮ ಮಾತು ನಿಜವಾದರೆ, ಅವರು ಚಿತ್ರ ಹಾಕಿ ಆಸೆ ಹುಟ್ಟಿಸಿದ್ದೂ ಪ್ರಶ್ನಾರ್ಹವೇ. ಗೂಡಿನ ಮುಂದೆ ಟ್ರೈಪಾಡ್ ನೆಟ್ಟು ಗಂಟೆಗಟ್ಟಲೆ ಕುಳಿತವರು ಜಾಗ ಬಚ್ಚಿಟ್ಟ ಮಾತ್ರಕ್ಕೆ ಶುದ್ಧರಾಗುವುದಿಲ್ಲ. ಮರಿ ಮಾಡಿರುವ ಹಕ್ಕಿಯ ಗೂಡಿನ ಚಿತ್ರಗಳನ್ನು ನಮ್ಮ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಪ್ರಕಟಿಸದಿರುವುದಕ್ಕೆ ಇದೇ ಕಾರಣ.

ಪೂರ್ತಿ ಗುಟ್ಟಿನಿಂದಲೂ ಕೇಡುಂಟು. ಯಾವ ದಾಖಲೆಯೂ ಇಲ್ಲದ ಗುಡ್ಡವನ್ನು ನಾಳೆ ಕಲ್ಲುಗಣಿಗೆ ಕೊಟ್ಟರೆ, ಅಲ್ಲಿ ಇಂಥ ಹಕ್ಕಿ ಇತ್ತೆಂದು ಆಕ್ಷೇಪ ಎತ್ತುವವರ ಕೈಯಲ್ಲಿ ಆಧಾರವೇ ಇರುವುದಿಲ್ಲ. ಆದ್ದರಿಂದ ದಾಖಲಿಸಬೇಕು, ಆದರೆ ಸರಿಯಾದ ಕಡೆ. ಕಂಡ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ, ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಇ-ಬರ್ಡ್ ತಾಣದಲ್ಲಿ, ಜಾಗ ಬಯಲಾದರೆ ಕೇಡಾಗುವಂಥ ಸೂಕ್ಷ್ಮ ಪ್ರಭೇದಗಳದೇ ಪಟ್ಟಿಯೊಂದಿದೆ. ಆ ಪಟ್ಟಿಯ ಹಕ್ಕಿಯನ್ನು ನೀವು ದಾಖಲಿಸಿದರೆ ನಿಖರ ಜಾಗ ದತ್ತಾಂಶದಲ್ಲಿ ಉಳಿಯುತ್ತದೆ, ಸಾರ್ವಜನಿಕರಿಗೆ ಮಾತ್ರ 20 ಕಿಲೋಮೀಟರ್ ಅಗಲದ ಚೌಕವಷ್ಟೇ ಕಾಣುತ್ತದೆ. ಎಲ್ಲ ಬಗೆಯ ಜೀವಿಗಳನ್ನೂ ದಾಖಲಿಸಬಹುದಾದ ಐ-ನ್ಯಾಚುರಲಿಸ್ಟ್ ತಾಣ ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ತಾನಾಗಿಯೇ 0.2 ಡಿಗ್ರಿಯ ಚೌಕದೊಳಗೆ ಮಸುಕಾಗಿಸುತ್ತದೆ, ಉಳಿದ ಪ್ರಭೇದಗಳಿಗೂ ಹಾಗೆ ಮಾಡುವ ಆಯ್ಕೆಯನ್ನು ನಮಗೇ ಬಿಡುತ್ತದೆ. ಆಯ್ಕೆಯ ಗುಂಡಿ ಇದೆ, ಒತ್ತುವ ವ್ಯವಧಾನ ನಮ್ಮದಾಗಿರಬೇಕು. ಅದರರ್ಥ ಎಲ್ಲ ಹಕ್ಕಿಗೂ ಎಲ್ಲ ಜಾಗಕ್ಕೂ ಇಷ್ಟು ಬಿಗಿ ಬೇಕೆಂದಲ್ಲ. ನೂರಾರು ಬಾತುಗಳು ತೇಲುವ, ನೋಡಲೆಂದೇ ಗೋಪುರ ಕಟ್ಟಿರುವ ಕೆರೆಯ ಹೆಸರನ್ನು ಬಚ್ಚಿಟ್ಟರೆ ನಗೆಪಾಟಲಾದೇವು. ಹೊಸಬರು ಹಕ್ಕಿ ನೋಡಲು ಕಲಿಯುವುದೇ ಅಂಥ ಕಡೆ.

ನೆಲದ ಯಜಮಾನರ ಬಗ್ಗೆಯೂ ಒಂದು ಮಾತು. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನವೊಂದರ ಪ್ರಕಾರ, ಅಪರೂಪದ ಕಾಲಿಲ್ಲದ ಹಲ್ಲಿಯೊಂದರ ದಾಖಲೆಗಳು ಸಾರ್ವಜನಿಕವಾದ ಮೇಲೆ ಅದನ್ನು ಹುಡುಕುವವರು ರೈತರ ಜಮೀನಿಗೆ ಹೇಳದೆ ಕೇಳದೆ ನುಗ್ಗತೊಡಗಿದರು, ಅದರಿಂದ ರೈತರಿಗೂ ಸಂಶೋಧಕರಿಗೂ ಇದ್ದ ವಿಶ್ವಾಸಕ್ಕೆ ಪೆಟ್ಟುಬಿತ್ತು. ನಿಮ್ಮ ಬಂಡೆಗೆ ಹೋಗುವ ದಾರಿ ಯಾರದೋ ಹೊಲದ ಬದುವಿನ ಮೇಲೆಯೇ ಹೋಗುತ್ತದೆಂದು ನೀವೇ ಬರೆದಿದ್ದೀರಿ. ಬೆಳೆ ತುಳಿಸಿಕೊಂಡವರು ನಾಳೆ ಬೇಲಿ ಹಾಕಿದರೆ ನಿಮ್ಮ ಗೆಳೆಯರಿಗೂ ದಾರಿ ಮುಚ್ಚುತ್ತದೆ.

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಪೋಸ್ಟಿನಿಂದ ಲೊಕೇಶನ್ ತೆಗೆದುಬಿಡಿ, ಅದಕ್ಕಿಂತ ಮುಖ್ಯವಾಗಿ ಕೆಳಗಿನ ಕಾಮೆಂಟುಗಳನ್ನೂ ಓದಿ. "ಎಲ್ಲಿ ಸಾರ್?" ಎಂದು ಕೇಳಿದವರಿಗೆ ಬೇರೆ ಯಾರೋ ದಾರಿ ಸಮೇತ ಹೇಳಿರುತ್ತಾರೆ, ಅವನ್ನೂ ಅಳಿಸಿ. ಹಿನ್ನೆಲೆಯಲ್ಲಿ ಗುರುತು ಹಿಡಿಯುವಂಥ ಬೆಟ್ಟದ ತುದಿಯೋ ಟವರೋ ಇದ್ದರೆ ಚಿತ್ರವನ್ನು ಕತ್ತರಿಸಿ ಹಾಕಿ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಯ್ಕೆ ಆನ್ ಆಗಿದ್ದರೆ ಚಿತ್ರದ ಫೈಲಿನೊಳಗೇ ಜಾಗ ಸೇರಿಕೊಂಡಿರುತ್ತದೆ. ಹಲವು ಸಾಮಾಜಿಕ ಜಾಲತಾಣಗಳು ಅದನ್ನು ತೆಗೆದೇ ತೋರಿಸುತ್ತವಾದರೂ, ಮೂಲ ಫೈಲನ್ನು ಮೇಲ್ ಮೂಲಕವೋ ಡಾಕ್ಯುಮೆಂಟ್ ಆಗಿಯೋ ಕಳುಹಿಸಿದರೆ ಅದೂ ಜೊತೆಗೆ ಹೋಗುತ್ತದೆ. ನಮಗೆ ಕಳುಹಿಸಿದ ಫೈಲಿನಲ್ಲೂ ಅದು ಇತ್ತು, ಅಳಿಸಿದ್ದೇವೆ. ಮರಿಗಳು ಹಾರಿ ನೆಲೆ ಬಿಟ್ಟ ಮೇಲೆ, ಜಾಗದ ಹೆಸರಿಲ್ಲದೆ ಚಿತ್ರ ಹಾಕಲು ಅಡ್ಡಿಯಿಲ್ಲ. ಆಗಲೂ ಬಂಡೆಯ ಗುರುತು ಬೇಡ, ಏಕೆಂದರೆ ಈ ಗೂಬೆಗಳು ಮುಂದಿನ ವರ್ಷವೂ ಅದೇ ಚಾಚಿಗೆ ಮರಳಬಹುದು.

ಆ ಹಿರಿಯರೊಂದಿಗಿನ ಜಗಳವನ್ನು ಗುಂಪಿನಲ್ಲಿ ಮುಂದುವರಿಸಬೇಡಿ. ನಿಮಗೆ ಖಾಸಗಿಯಾಗಿ ಒಂದು ಸಂದೇಶ ಕಳುಹಿಸಿದ್ದರೆ ಮುಗಿಯುತ್ತಿದ್ದ ವಿಷಯವನ್ನು ಅವರು ಬೀದಿಗೆ ತಂದದ್ದು ಸರಿಯಲ್ಲ. ಹೊಸಬರನ್ನು ಎಲ್ಲರೆದುರು ಹಣಿಯುವುದರಿಂದ ಪೋಸ್ಟುಗಳು ನಿಲ್ಲುವುದಿಲ್ಲ, ಅವು ಹಿರಿಯರ ಕಣ್ಣಿಗೆ ಬೀಳದ ಬೇರೊಂದು ಗುಂಪಿಗೆ ಹೋಗುತ್ತವೆ ಅಷ್ಟೆ. ಈ ಮಾತನ್ನು ಅವರಿಗೆ ಹೇಳಬೇಕಾದವರು ಗುಂಪಿನ ಅಡ್ಮಿನ್‌ಗಳು. ಗೂಡಿನ ಲೊಕೇಶನ್ ಹಾಕುವಂತಿಲ್ಲ ಎಂಬ ನಿಯಮವನ್ನು ಗುಂಪಿನ ಮೇಲ್ಭಾಗದಲ್ಲಿ ಬರೆದಿಡದ ಹೊಣೆಯೂ ಅವರದೇ, ಅದನ್ನು ಬರೆಯಿಸಲು ನೀವೇ ಕೇಳಿಕೊಳ್ಳಬಹುದು. ಆದರೆ ಅದಕ್ಕೂ ಮೊದಲು ಜಾಗ ತೋರಿಸಿದ ಗೆಳೆಯರಿಗೆ ಫೋನ್ ಮಾಡಿ. ನಿಮ್ಮ ಇಡೀ ಪತ್ರದಲ್ಲಿ ಅವರು ಏನೆಂದರು ಎಂಬುದು ಒಂದು ಕಡೆಯೂ ಇಲ್ಲ.

— ಸಂಪಾದಕ